ಅಪ್‌ಡೇಟ್: ಅಮೆರಿಕದಲ್ಲಿ ಬಾಡಿಗೆ ಬಾಕಿ, ಮನೆ ಖಾಲಿ ಮಾಡುವ ನೋಟಿಸ್

ಕೋವಿಡ್‌ನಲ್ಲಿ ಬಾಡಿಗೆ ಬಾಕಿ ಬಿದ್ದಿದೆ, ಒಕ್ಕಲೆಬ್ಬಿಸುವುದಕ್ಕಿದ್ದ ತಡೆಯನ್ನು ಸುಪ್ರೀಂ ಕೋರ್ಟ್ 2021ರ ಆಗಸ್ಟ್ 26ಕ್ಕೆ ತೆಗೆದ ಕೂಡಲೇ ನೋಟಿಸ್ ಬಂತು, ಏನು ಮಾಡಲಿ ಎಂದು ಕೇಳಿದ್ದೆ. ಮನೆ ಉಳಿಯಿತು.

ಸಿಡಿಸಿ (ಆ ತಡೆ ಹೇರಿದ್ದ ಆರೋಗ್ಯ ಸಂಸ್ಥೆ) ಘೋಷಣಾ ಪತ್ರ, ಅಂದರೆ ಬಾಡಿಗೆ ಕಟ್ಟಲಾಗುತ್ತಿಲ್ಲ ಎಂದು ಬಾಡಿಗೆದಾರರು ಸಹಿ ಹಾಕಿ ಕೊಡುತ್ತಿದ್ದ ಪತ್ರ ತೋರಿಸಿ ಎಂಬ ಸಲಹೆ ಫಲಿಸಲಿಲ್ಲ. ತೀರ್ಪು ಬಂದ ಮೇಲೆ ಅದಕ್ಕೆ ಬಲವಿಲ್ಲ. ತಡೆ ಇದ್ದಾಗಲೂ ಬಾಡಿಗೆ ಮನ್ನಾ ಆಗಿರಲಿಲ್ಲ, ಬಾಕಿ ಬೆಳೆಯುತ್ತಲೇ ಇತ್ತು.

ಸಮಯ ಕೊಡಿಸಿದ್ದು ಕೇರ್ಸ್ ಕಾಯ್ದೆ (2020ರ ಕೋವಿಡ್ ಪರಿಹಾರ ಕಾನೂನು). ಕಟ್ಟಡದ ಸಾಲಕ್ಕೆ ಫೆಡರಲ್ (ಕೇಂದ್ರ ಸರ್ಕಾರದ) ಬೆಂಬಲವಿದ್ದರೆ, ಬಾಡಿಗೆ ಬಾಕಿಗಾಗಿ ಖಾಲಿ ಮಾಡಿಸಲು ಕನಿಷ್ಠ 30 ದಿನಗಳ ನೋಟಿಸ್ ಬೇಕು. ಈ ನಿಯಮಕ್ಕೆ ಕಾಯ್ದೆಯಲ್ಲಿ ಕೊನೆಯ ದಿನಾಂಕವೇ ಇಲ್ಲ ಎಂದು ತಿಳಿದು ಆಶ್ಚರ್ಯವಾಯಿತು! ಇಂಥ ಗೃಹ ಸಾಲಗಳಿಗೆ ಬೆಂಬಲ ಕೊಡುವ ಸಂಸ್ಥೆಗಳಾದ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ವೆಬ್‌ಸೈಟ್‌ಗಳಲ್ಲಿ ವಿಳಾಸ ಹಾಕಿ ನೋಡಿ. ನಮ್ಮ ಕಟ್ಟಡ ಅಲ್ಲಿ ಸಿಕ್ಕಿತು. ನಮಗೆ ಬಂದ ನೋಟಿಸಿನಲ್ಲಿದ್ದ ಗಡುವು 30 ದಿನಕ್ಕಿಂತ ಕಡಿಮೆಯಿತ್ತು, ಹಾಗಾಗಿ ಸಮಯ ಸಿಕ್ಕಿತು.

ಬಾಕಿ ತೀರಿಸಿದ್ದು ಕೋವಿಡ್ ಕಾಲದ ತುರ್ತು ಬಾಡಿಗೆ ನೆರವು ಯೋಜನೆ (ಅದು ಈಗ ಮುಗಿದಿದೆ). ಆದಾಯ ಆ ಪ್ರದೇಶದ ಮಧ್ಯಕ (ಮೀಡಿಯನ್) ಆದಾಯದ 80% ಮೀರಬಾರದಿತ್ತು. ಬಾಡಿಗೆ ಕರಾರು, ಗುರುತಿನ ಚೀಟಿ, ಆದಾಯದ ದಾಖಲೆ, ತಿಂಗಳುವಾರು ಬಾಕಿ ಲೆಕ್ಕ ಬೇಕಾದವು. ಮಾಲೀಕರಿಂದ ಡಬ್ಲ್ಯೂ-9 ಫಾರಂ (ಹಣ ಪಡೆಯುವವರ ತೆರಿಗೆ ಗುರುತಿನ ಸಂಖ್ಯೆ ಕೊಡುವ ಫಾರಂ) ಕೂಡ. ಅರ್ಜಿಯ ಮೊತ್ತಕ್ಕೂ ಮಾಲೀಕರ ಲೆಕ್ಕಕ್ಕೂ ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತಿತ್ತು, ಮೊದಲೇ ಕೂತು ಸರಿಹೊಂದಿಸಿಕೊಳ್ಳಬೇಕಿತ್ತು. ಕರೆಂಟ್ ಬಿಲ್ ಬಾಕಿಯನ್ನೂ ಸೇರಿಸಬಹುದಿತ್ತು.

ಮಾಲೀಕರ ಜೊತೆ ಮಾತಾಡಿ ಎಂದವರಿಗೆ ವಿಶೇಷ ಧನ್ಯವಾದ. ಬಾಡಿಗೆ ನಿಂತರೂ ಅವರ ಸಾಲದ ಕಂತು, ಆಸ್ತಿ ತೆರಿಗೆ, ವಿಮೆ ನಿಂತಿರಲಿಲ್ಲ. ಹಣ ನೇರವಾಗಿ ತಮಗೇ ಬರುತ್ತದೆಂದು ತಿಳಿದ ಮೇಲೆ ಅವರೇ ಫಾರಂ ತುಂಬಿಕೊಟ್ಟರು. ಮಾಲೀಕರು ಒಪ್ಪದಿದ್ದರೆ ಬಾಡಿಗೆದಾರರಿಗೇ ಹಣ ಕೊಡಲು ಆಗ ಅವಕಾಶವಿತ್ತು.