ವರಡೇರೊ: ಊಟ, ರಮ್ಮು, ಸಂಗೀತ. ಹೋಗಿಬಂದವರು ಹೇಳಿ

ಬ್ರಾಂಪ್ಟನ್_ಸೊಸೆ: ಫೆಬ್ರವರಿಯಲ್ಲಿ ಟೊರಾಂಟೊದಿಂದ ಕ್ಯೂಬಾದ ಕಡಲತೀರದ ಊರು ವರಡೇರೊಗೆ ಹೊರಟಿದ್ದೇವೆ, ಕೋಣೆ, ಊಟ, ಕುಡಿತ ಎಲ್ಲ ಒಂದೇ ದರದಲ್ಲಿ ಸೇರಿದ ಆಲ್ ಇನ್‌ಕ್ಲೂಸಿವ್. ಅತ್ತೆ ಸಸ್ಯಾಹಾರಿ, ಮಗನಿಗೆ ಆರು ವರ್ಷ. ಊಟ ಹೇಗೆ? ಸಂಜೆ ಲೈವ್ ಸಂಗೀತ ಇರುತ್ತಾ?

ತುಂಗಾತೀರ: ಅನ್ನ, ಕಪ್ಪು ಬೀನ್ಸ್ ಇದ್ದೇ ಇರುತ್ತಲ್ಲ ಅಂತ ಎಲ್ರೂ ಹೇಳ್ತಾರೆ. ನಂಬಬೇಡಿ. ಬೀನ್ಸ್‌ಗೆ ಹಂದಿಮಾಂಸದ ತುಂಡೋ ಕೊಬ್ಬೋ ಹಾಕೋದು ಅಲ್ಲಿ ಮಾಮೂಲು. ‘ಸಿನ್ ಕಾರ್ನೆ’ (ಮಾಂಸ ಬೇಡ) ಅಂದ್ರೆ ಸಾಲದು, ‘ಸಿನ್ ಮಾಂತೆಕಾ’ (ಹಂದಿಕೊಬ್ಬು ಬೇಡ) ಅಂತಲೂ ಕೇಳಿ. ಇಲ್ಲದಿದ್ರೆ ತುಂಡು ಎತ್ತಿಟ್ಟು ಅದನ್ನೇ ಬಡಿಸ್ತಾರೆ, ನಮ್ಮಮ್ಮನಿಗೆ ಹಾಗೇ ಮಾಡಿದ್ರು. ತಲೆಗೆ 1,480 ಡಾಲರ್ ಕೊಟ್ಟಿದ್ದೆ. ಅಷ್ಟು ಸುರಿದು ಅಮ್ಮ ತಿಂದಿದ್ದು ಪಪ್ಪಾಯಿ, ಬ್ರೆಡ್ಡು. ಮರಗೆಣಸು ಬೇಯಿಸಿ ಬೆಳ್ಳುಳ್ಳಿ, ಹುಳಿಕಿತ್ತಳೆ ರಸ ಹಾಕ್ತಾರೆ, ಅದು ನಿಜಕ್ಕೂ ಚೆನ್ನಾಗಿತ್ತು. ಎರಡು ದಿನ ಇತ್ತು, ಆಮೇಲೆ ಕಾಣಲೇ ಇಲ್ಲ. ಚಟ್ನಿಪುಡಿ, ಅವಲಕ್ಕಿ ಒಯ್ಯಿರಿ.

ಹುಬ್ಬಳ್ಳಿ_ಢೋಲಕ್: ಪಪ್ಪಾಯಿ ಅಂತ ಅಳತೀರೇನ್ರಿ? 2024ರ ಅಕ್ಟೋಬರ್‌ದಾಗ ಮತಾನ್ಸಾಸ್‌ನ ವಿದ್ಯುತ್ ಸ್ಥಾವರ ಬಂದ್ ಬಿದ್ದು ಇಡೀ ದೇಶ ಕತ್ತಲಾಗಿತ್ತು. ನಮಗ ಬಡಸೋ ಹುಡುಗಿ ಮನ್ಯಾಗ ಹಾಲಿಲ್ಲ, ಕರೆಂಟಿಲ್ಲ, ಆದ್ರೂ ನಕ್ಕೋತ ಬರತಿದ್ಲು. ನಾ ಹೋಗಿದ್ದು ಸಂಗೀತಕ್ಕ. ಲಾಬಿಯೊಳಗ ನಾಲ್ಕೈದು ಮಂದಿ ‘ಸೋನ್’ ಅನ್ನೋ ಕ್ಯೂಬಾದ ಹಳೇ ಹಾಡಿನ ಶೈಲಿ ಬಾರಿಸತಿದ್ರು. ತ್ರೆಸ್ ಅನ್ನೋ ಗಿಟಾರ್, ಬೊಂಗೊ ಅನ್ನೋ ಜೋಡಿ ಡೋಲು, ಮರಾಕಾಸ್ ಅನ್ನೋ ಗಿಲಕಿ. ಕ್ಲಾವೆ ಅಂದ್ರ ಬರೇ ಎರಡು ಕಟಗಿ, ಐದ ಪೆಟ್ಟು, ಇಡೀ ಹಾಡು ಅದರ ಮ್ಯಾಲ ನಿಂತಿರತದ. ನಮ್ಮ ಭಜನಿ ಮ್ಯಾಳದಾಗ ತಾಳ ಹಿಡದಾಂವ ತಪ್ಪಿದ್ರ ಎಲ್ಲಾ ಕೆಡತದಲ್ಲ, ಹಂಗ. ಮುಂದಿನ ಕುರ್ಚಿ ಹಿಡೀರಿ.

ವಾಟರ್‌ಲೂ_ಗೌಡ್ರು: ಲಾಬಿಯಲ್ಲಿ ಬಾರಿಸೋದು ಸೋನ್ ಅಂತೆ! ಪ್ರತಿ ಟೇಬಲ್ಲಿಗೂ ಅದೇ ‘ಗ್ವಾಂತಾನಾಮೆರಾ’ ಹಾಡು, ಕೊನೆಗೆ ಟೋಪಿ ಒಡ್ಡೋದು. ಸಂಗೀತ ಬೇಕಿದ್ರೆ ಪೂರ್ವದ ತುದಿಗೆ, ಸಾಂತಿಯಾಗೊಗೆ ಹೋಗಬೇಕು. ಅಲ್ಲಿನ ಹಳೇ ಸಂಗೀತದ ಮನೆ ಕಾಸಾ ದೆ ಲಾ ತ್ರೋವಾದಲ್ಲಿ ಮುದುಕರು ಹಾಡೋದು ಕೇಳಿ ನನ್ನ ಹೆಂಡತಿ ಅತ್ತುಬಿಟ್ಟಳು. ಬಸ್ಸು, ಬಾಡಿಗೆ ಕೋಣೆ, ಊಟ ಎಲ್ಲ ಸೇರಿ ಇಬ್ಬರಿಗೆ 310 ಡಾಲರ್ ಹೆಚ್ಚಾಯ್ತು, ಒಂದು ಕಾಸೂ ದಂಡ ಅಲ್ಲ. ವರಡೇರೊದಲ್ಲಿ ಕೊಡೋ ಮೊಹಿತೊ (ರಮ್ಮು, ನಿಂಬೆ, ಪುದೀನದ ಪಾನೀಯ) ಬರೀ ಸಕ್ಕರೆ ನೀರು, ಪುದೀನವೂ ಒಣಗಿದ್ದು. ಏಳು ವರ್ಷ ಪೀಪಾಯಿಯಲ್ಲಿ ಹಳೆಯದಾದ ರಮ್ಮನ್ನು ಐಸ್ ಇಲ್ಲದೆ ಕೇಳಿ. ಟಿಪ್ಸ್‌ಗೆ ಟೂನಿ, ಅಂದ್ರೆ ಕೆನಡಾದ ಎರಡು ಡಾಲರ್ ನಾಣ್ಯ, ಒಂದು ಚೀಲ ಇಟ್ಟುಕೊಳ್ಳಿ.

ಹುಬ್ಬಳ್ಳಿ_ಢೋಲಕ್: ಗೌಡ್ರ, ನಾಣ್ಯ ಕೊಡೋದು ಅವ್ರಿಗೆ ಅವಮಾನ. ಅಲ್ಲಿ ಬ್ಯಾಂಕಿನಾಗ ಪರದೇಶಿ ನಾಣ್ಯ ಬದಲಿಸಿ ಕೊಡಂಗಿಲ್ಲ. ಪಾಪ, ಅವ್ರು ವಾಪಸ್ ಹೋಗೋ ಪ್ರವಾಸಿಗರ ಮುಂದ ಕೈಯಾಗ ನಾಣ್ಯ ಹಿಡಕೊಂಡು ನೋಟು ಕೊಡ್ರಿ ಅಂತ ನಿಂತಿರತಾರ. ನಾ ಕಣ್ಣಾರೆ ಕಂಡೀನಿ. ಐದು ಡಾಲರ್ ನೋಟು ಕೊಡ್ರಿ.

ವಾಟರ್‌ಲೂ_ಗೌಡ್ರು: ಪ್ರತಿ ಹಾಡಿಗೂ ಐದು ಕೊಟ್ಟು ರೇಟು ಏರಿಸಿದವರೇ ನಿಮ್ಮಂಥವರು. ಮಕ್ಕಳೊಂದಿಗರು ಏನು ಮಾಡಬೇಕು?

ತುಂಗಾತೀರ: ಇಬ್ಬರೂ ಟಿಪ್ಸ್ ಜಗಳ ಬಿಡಿ. ಅಡುಗೆಯವನಿಗೆ ಮೊದಲ ದಿನವೇ ನೋಟು ಕೊಟ್ಟು ಬೇರೆ ಬಾಣಲೆ ಕೇಳಿ ಅಂತ ನಾನು ಬರೀಬೇಕೂಂತಿದ್ದೆ. ತೊಸ್ತೋನೆಸ್ ಅನ್ನೋ ಬಾಳೆಕಾಯಿ ಬಿಲ್ಲೆ ಕರಿಯೋದೂ ಕೋಳಿ ಕರಿದ ಎಣ್ಣೆಯಲ್ಲೇ.

ವಾಟರ್‌ಲೂ_ಗೌಡ್ರು: ನಿಮ್ಮ ಹೋಟೆಲಲ್ಲಿ ಇರಬಹುದು ಮೇಡಂ. ನಮ್ಮಲ್ಲಿ ಬೇರೆ ಎಣ್ಣೆ ಇತ್ತು, ಅಡುಗೆಮನೆಗೇ ಹೋಗಿ ನೋಡಿದ್ದೀನಿ.