ಭೋಗ್ಯದ ಮನೆಗಳ ಬಗ್ಗೆ ಪ್ರಾಜೆಕ್ಟ್: ಅಂಕಿಅಂಶ ಎಲ್ಲಿ ಹುಡುಕಲಿ?

ಹೆಗ್ಗನಹಳ್ಳಿ ಕ್ರಾಸ್:

ಎಲ್ಲರಿಗೂ ನಮಸ್ಕಾರ. ನಾನು ಎಂ.ಎ. ಅರ್ಥಶಾಸ್ತ್ರ ಕೊನೆಯ ವರ್ಷದಲ್ಲಿದ್ದೇನೆ. ಬೆಂಗಳೂರಿನ ಭೋಗ್ಯದ ಮನೆಗಳ ಮೇಲೆ ಪ್ರಾಜೆಕ್ಟ್ ಮಾಡಬೇಕು ಅಂತ ತುಂಬಾ ಆಸೆ. ಈಗ ಎಲ್ಲರೂ ಲೀಸ್ ಅಂತಾರಲ್ಲ, ಅದೇ: ಮಾಲೀಕರಿಗೆ ದೊಡ್ಡ ಮೊತ್ತ ಕೊಟ್ಟು ಬಾಡಿಗೆ ಇಲ್ಲದೆ ಇರುವುದು, ಮನೆ ಬಿಡುವಾಗ ಆ ಮೊತ್ತ ವಾಪಸ್ ಪಡೆಯುವುದು.

ನಾನು ಹುಟ್ಟಿದ ಮೇಲೆ ನಮ್ಮ ಮನೆಯವರು ಐದು ಮನೆ ಬದಲಾಯಿಸಿದ್ದಾರೆ. ಐದೂ ಭೋಗ್ಯದವೇ. ಭೋಗ್ಯಕ್ಕೆ ಕೊಡುವುದು ಅಪ್ಪ ಪೀಣ್ಯದ ಕಾರ್ಖಾನೆಯಲ್ಲಿ ಸ್ವಯಂ ನಿವೃತ್ತಿ ತಗೊಂಡಾಗ ಬಂದ ದುಡ್ಡು. ಒಬ್ಬ ಮಾಲೀಕರಿಂದ ವಾಪಸ್ ಬರುತ್ತದೆ, ಅದಕ್ಕೆ ಅಮ್ಮನ ಚೀಟಿ ದುಡ್ಡು ಸ್ವಲ್ಪ ಸೇರುತ್ತದೆ, ಇನ್ನೊಬ್ಬರ ಕೈಗೆ ಹೋಗುತ್ತದೆ. ಈಗಿನ ಮನೆಗೆ 12 ಲಕ್ಷ ಕೊಟ್ಟಿದ್ದೇವೆ, ಮೂರು ವರ್ಷಕ್ಕೆ. ತಿಂಗಳ ಬಾಡಿಗೆ ಇಲ್ಲ. ಮೇಲಿನ ಮಹಡಿಯ ಅಷ್ಟೇ ದೊಡ್ಡ ಮನೆಗೆ ಒಂದೂವರೆ ಲಕ್ಷ ಅಡ್ವಾನ್ಸ್, ತಿಂಗಳಿಗೆ 15,000 ಬಾಡಿಗೆ.

ನನ್ನ ಗೈಡ್ ಅವರು "ಡೇಟಾ ಸಿಗಲ್ಲ, ಮೆಟ್ರೋ ಬಂದ ಮೇಲೆ ಮನೆ ಬೆಲೆ ಎಷ್ಟು ಏರಿತು ಅಂತ ಮಾಡು" ಅಂದರು. ಅವರ ಮಾತಿನಲ್ಲೂ ನ್ಯಾಯ ಇದೆ. 2011ರ ಜನಗಣತಿಯಲ್ಲಿ ಮನೆ ಸ್ವಂತದ್ದಾ, ಬಾಡಿಗೆಯದಾ, ಇತರೆಯಾ ಅಂತ ಮೂರೇ ಕಾಲಂ. ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ ನೋಂದಣಿಯಾದ ಮಾರಾಟಗಳ ಮೇಲೆ ನಿಂತಿದೆ. ಎರಡರಲ್ಲೂ ನಾವಿಲ್ಲ. ಆದರೆ ನಮ್ಮ ಬೀದಿಯಲ್ಲಿ ಎರಡು ಹೆಜ್ಜೆಗೊಂದು "ಮನೆ ಭೋಗ್ಯಕ್ಕೆ ಇದೆ" ಬೋರ್ಡು ಕಾಣುತ್ತದೆ. ಇದನ್ನು ಅಳೆಯುವ ದಾರಿ ಯಾರಿಗಾದರೂ ಗೊತ್ತಾ?

ಹಳೇ ಕಡತ:

ವಿಷಯ ಬಿಡಬೇಡಿ. ನಾನು ವಸತಿ ಮಾರುಕಟ್ಟೆಯ ಮೇಲೆ ಕೆಲವು ವರ್ಷ ಕೆಲಸ ಮಾಡಿದವನು. ಮೆಟ್ರೋ ಪಕ್ಕದ ಮನೆ ಬೆಲೆ ಅಂದರೂ ಡೇಟಾ ಸುಲಭವಿಲ್ಲ. ಕ್ರಯಪತ್ರದಲ್ಲಿ ಬರೆದ ಬೆಲೆ ಮಾರ್ಗಸೂಚಿ ದರದ (ನೋಂದಣಿಗೆ ಸರ್ಕಾರ ಗೊತ್ತುಮಾಡಿದ ಕನಿಷ್ಠ ಬೆಲೆ) ಹತ್ತಿರವೇ ನಿಂತಿರುವುದು ಎಷ್ಟೋ ಸಲ. ನಿಜವಾಗಿ ಕೈ ಬದಲಾದ ಮೊತ್ತ ಬೇರೆ.

ನಿಮ್ಮ ಎರಡು ಮಹಡಿಯಲ್ಲೇ ಲೆಕ್ಕ ಇದೆ ನೋಡಿ. ಭೋಗ್ಯಕ್ಕೆ 12 ಲಕ್ಷ, ಬಾಡಿಗೆಗಾದರೆ ಒಂದೂವರೆ ಲಕ್ಷ. ನೀವು ಜಾಸ್ತಿ ಕೊಟ್ಟಿದ್ದು 10.5 ಲಕ್ಷ. ಅದಕ್ಕೆ ಪ್ರತಿಯಾಗಿ ಉಳಿದಿದ್ದು ವರ್ಷಕ್ಕೆ 1.8 ಲಕ್ಷ ಬಾಡಿಗೆ. ಅಂದರೆ ಶೇ. 17ರ ಬಡ್ಡಿ. ದೊಡ್ಡ ಬ್ಯಾಂಕುಗಳ ಠೇವಣಿ ಅದರ ಅರ್ಧದಷ್ಟೂ ಕೊಡುವುದಿಲ್ಲ. ಮಾಲೀಕರು ಇಷ್ಟು ದುಬಾರಿ ಸಾಲ ಯಾಕೆ ಮಾಡುತ್ತಾರೆ? ನಿಮ್ಮ ಪ್ರಾಜೆಕ್ಟಿನ ಪ್ರಶ್ನೆ ಇದೇ ಆಗಲಿ.

ನನ್ನ ಊಹೆ ಹೇಳುತ್ತೇನೆ, ನೀವು ಪರೀಕ್ಷಿಸಿ. ಬಿ ಖಾತೆ ಮನೆಗೆ, ಅಂದರೆ ಅನುಮೋದನೆಯಲ್ಲಿ ಕೊರತೆ ಇದ್ದು ಪಾಲಿಕೆಯ ಪ್ರತ್ಯೇಕ ವಹಿಯಲ್ಲಿರುವ ಮನೆಗೆ, ಎಷ್ಟೋ ಬ್ಯಾಂಕುಗಳು ಸಾಲ ಕೊಡುವುದಿಲ್ಲ. ಅಂಥ ಮಾಲೀಕರಿಗೆ ಭೋಗ್ಯದ ದುಡ್ಡೇ ಗೃಹಸಾಲ. ನೆಲಮಹಡಿ ಭೋಗ್ಯಕ್ಕೆ ಕೊಟ್ಟು ಮೊದಲ ಮಹಡಿ ಕಟ್ಟುತ್ತಾರೆ. ಹಾಗಿದ್ದರೆ ದಾಖಲೆ ಸರಿಯಿರುವ ಎ ಖಾತೆ ಮನೆಗಳಲ್ಲಿ ಈ ದರ ಕಡಿಮೆ ಇರಬೇಕು, ಅಲ್ವಾ?

ಮನೆಗಳನ್ನು ಹೋಲಿಸುವಾಗ ಒಂದೇ ಕಟ್ಟಡದಲ್ಲಿ ಒಂದು ಬಾಡಿಗೆಗೆ, ಒಂದು ಭೋಗ್ಯಕ್ಕೆ ಇರುವ ಜೋಡಿಗಳನ್ನೇ ಹುಡುಕಿ. ಬೀದಿ, ಕಾವೇರಿ ನೀರು, ಬಸ್ ಸ್ಟಾಪಿನ ದೂರ ಎಲ್ಲ ಒಂದೇ ಆಗಿರುತ್ತದೆ. ಐವತ್ತು ಜೋಡಿ ಸಿಕ್ಕರೂ ಒಳ್ಳೆಯ ಕೆಲಸ. ಬೋರ್ಡಿನ ಮೊತ್ತ ಬರೆದುಕೊಳ್ಳಬೇಡಿ, ಮಾತು ಮುಗಿದ ಮೊತ್ತ ಕೇಳಿ.

ಓದುವುದಕ್ಕೆ ದಕ್ಷಿಣ ಕೊರಿಯಾದ ಜಿಯೊನ್ಸೆ ಪದ್ಧತಿ ನೋಡಿ. ದೊಡ್ಡ ಮೊತ್ತ ಇಟ್ಟು, ಬಾಡಿಗೆ ಇಲ್ಲದೆ ಎರಡು ವರ್ಷ ಇರುವುದು. ನಮ್ಮ ಭೋಗ್ಯದ ಅಣ್ಣತಮ್ಮ ಅನ್ನಬಹುದು. ಅದರ ಮೇಲೆ ಅಲ್ಲಿ ಬೇಕಾದಷ್ಟು ಸಂಶೋಧನೆ ಆಗಿದೆ.

ಮೂರನೇ ಮಹಡಿ:

ತಂಗಿ, ನಾನು ಅರ್ಥಶಾಸ್ತ್ರ ಓದಿಲ್ಲ. ಆದರೆ ಆ ಶೇ. 17ರ ಒಳಗೆ ಏನಿದೆ ಅಂತ ನನಗೆ ಗೊತ್ತು.

ಊರಿನ ಸೈಟು ಮಾರಿ 9 ಲಕ್ಷ ಕೊಟ್ಟು ಭೋಗ್ಯಕ್ಕೆ ಬಂದಿದ್ದೆವು. ಒಂದು ಬೆಳಗ್ಗೆ ಹಾಲು ತರಲು ಬಾಗಿಲು ತೆಗೆದರೆ ಗೋಡೆಗೆ ನೋಟಿಸ್ ಅಂಟಿಸಿದ್ದರು. ನಾವು ಬರುವ ಮೊದಲೇ ಮಾಲೀಕರು ಮನೆಪತ್ರ ಬ್ಯಾಂಕಿನಲ್ಲಿಟ್ಟು ಸಾಲ ತೆಗೆದಿದ್ದರು. ಕಂತು ಕಟ್ಟಿರಲಿಲ್ಲ. 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು ಮನೆ ವಶಕ್ಕೆ ತಗೊಳ್ಳಲು ಬಂದಿತ್ತು. ನಮ್ಮ ಕೈಯಲ್ಲಿದ್ದಿದ್ದು ಒಂದು ಛಾಪಾ ಕಾಗದದ ಕರಾರು, ನೋಂದಣಿ ಇಲ್ಲದ್ದು. ನಾಲ್ಕು ವರ್ಷ ಓಡಾಡಿ ವಾಪಸ್ ಬಂದಿದ್ದು 5 ಲಕ್ಷ. ಅವತ್ತಿನಿಂದ ನಮ್ಮ ಯಜಮಾನರು ಆ ಬೀದಿಗೆ ಕಾಲಿಟ್ಟಿಲ್ಲ.

ಅದಕ್ಕೇ ಹೇಳುವುದು, ದುಡ್ಡು ಕಳೆದುಕೊಂಡವರನ್ನೂ ನಿಮ್ಮ ಲೆಕ್ಕದಲ್ಲಿ ಸೇರಿಸಿ. ಅಂಥವರು ಆ ಕಟ್ಟಡದಲ್ಲಿ ಈಗ ಇರುವುದಿಲ್ಲ, ಹುಡುಕಿಕೊಂಡು ಹೋಗಬೇಕು. ಈಗ ಮನೆ ಹುಡುಕುವವರಿಗೂ ಒಂದು ಮಾತು. ಇ.ಸಿ., ಅಂದರೆ ಆಸ್ತಿಯ ಮೇಲಿನ ನೋಂದಾಯಿತ ವ್ಯವಹಾರ ತೋರಿಸುವ ಋಣಭಾರ ಪ್ರಮಾಣಪತ್ರ, ತೆಗೆಸಿ. ಅಡಮಾನದ ವಿವರಕ್ಕೆ ಸರ್ಸಾಯ್ (CERSAI, ಬ್ಯಾಂಕುಗಳ ಅಡಮಾನ ದಾಖಲಾಗುವ ಕೇಂದ್ರ ನೋಂದಣಿ) ಜಾಲತಾಣದಲ್ಲೂ ಹುಡುಕಿ, ಶುಲ್ಕ ತುಂಬಾ ಕಡಿಮೆ. ದುಡ್ಡು ಬ್ಯಾಂಕ್ ಮೂಲಕವೇ ಕೊಡಿ.

ಹೆಗ್ಗನಹಳ್ಳಿ ಕ್ರಾಸ್:

ಅಕ್ಕ, ನಿಮ್ಮ ಮಾತು ಓದಿ ಅಮ್ಮನಿಗೆ ತೋರಿಸಿದೆ. ನಮ್ಮ ಈಗಿನ ಮನೆಯ ಇ.ಸಿ. ನಾವೂ ನೋಡಿರಲಿಲ್ಲ. ನಿನ್ನೆ ಅರ್ಜಿ ಹಾಕಿದೆ. ಕಳೆದುಕೊಂಡವರನ್ನು ಖಂಡಿತ ಸೇರಿಸುತ್ತೇನೆ. ನಿಮ್ಮ ಜೊತೆ ಫೋನಿನಲ್ಲಿ ಮಾತಾಡಬಹುದಾ?

ಸರ್, ಭಾನುವಾರ ನಮ್ಮ ಬೀದಿಯಲ್ಲೇ ಸುತ್ತಿ ಮೂರು ಜೋಡಿ ಹುಡುಕಿದೆ. ಒಬ್ಬ ಮಾಲೀಕರು ಮಗಳ ಮದುವೆಗೆ, ಒಬ್ಬರು ಮೇಲೆ ಇನ್ನೊಂದು ಮಹಡಿ ಕಟ್ಟಲು ಭೋಗ್ಯಕ್ಕೆ ಕೊಟ್ಟರಂತೆ. ಮೂರನೆಯವರು ಬಾಗಿಲು ಹಾಕಿಕೊಂಡರು. ಒಂದು ಅನುಮಾನ: ಬಾಡಿಗೆ ಹನ್ನೊಂದು ತಿಂಗಳಿಗೊಮ್ಮೆ ಶೇ. 5 ಏರುತ್ತದೆ. ಭೋಗ್ಯದ ಮೊತ್ತ ಮೂರು ವರ್ಷ ಅಲ್ಲಾಡುವುದಿಲ್ಲ. ಇದನ್ನು ಹೇಗೆ ಸೇರಿಸಲಿ?

ಹಳೇ ಕಡತ:

ಸದ್ಯಕ್ಕೆ ವರ್ಷಕ್ಕೊಮ್ಮೆ ಏರುತ್ತದೆ ಅಂತ ಇಟ್ಟುಕೊಳ್ಳಿ. 15,000, ಆಮೇಲೆ 15,750, ಆಮೇಲೆ ಸುಮಾರು 16,540. ಮೂರು ವರ್ಷದ ಸರಾಸರಿ ತೆಗೆದರೆ ವರ್ಷಕ್ಕೆ 1.89 ಲಕ್ಷ ಆಗುತ್ತದೆ. ದರ ಶೇ. 18. ಬಾಗಿಲು ಹಾಕಿಕೊಂಡವರ ಹತ್ತಿರ ಮುಂದಿನ ವಾರ ಅಮ್ಮನ ಜೊತೆ ಹೋಗಿ.