.30-06 ಕೇಸ್ ನೆಕ್ ಸೀಳುತ್ತಿದೆ, ಕೆಲವು ಫೈರ್ ಮಾಡುವ ಮೊದಲೇ!

ಟೆಕ್ಸಾಸ್_ಬೆಣ್ಣೆದೋಸೆ:
ಇರುವುದು ಡಲ್ಲಾಸ್ ಹತ್ತಿರ. ನನ್ನ .30-06 ರೈಫಲ್‌ಗೆ ಮನೆಯಲ್ಲೇ ರೀಲೋಡ್ ಮಾಡುತ್ತೇನೆ, ಅಂದರೆ ಫೈರ್ ಆದ ತೋಟಾದ ಖಾಲಿ ಕೇಸನ್ನೇ ಮತ್ತೆ ತುಂಬುತ್ತೇನೆ. ಒಂದು ಗ್ಯಾರೇಜ್ ಸೇಲ್‌ನಲ್ಲಿ ಡಬ್ಬ ತುಂಬ ಹಳೆ ಬ್ರಾಸ್ (ಹಿತ್ತಾಳೆಯ ಖಾಲಿ ಕೇಸ್) ಸಿಕ್ಕಿತು. ಫಳಫಳ ಹೊಳೆಯುತ್ತಿತ್ತು. ಎಷ್ಟು ಸಲ ಲೋಡ್ ಆಗಿದೆಯೋ ದೇವರಿಗೇ ಗೊತ್ತು. ಈಗ ಎರಡು ಥರ ತೊಂದರೆ. ಕೆಲವು ನೆಕ್ (ಬುಲೆಟ್ ಹಿಡಿದಿರುವ ಕೇಸಿನ ಕುತ್ತಿಗೆ) ಫೈರ್ ಮಾಡಿದಾಗ ಉದ್ದಕ್ಕೆ ಸೀಳುತ್ತವೆ. ಇನ್ನು ಕೆಲವು ಲೋಡ್ ಮಾಡಿ ಸುಮ್ನೆ ಡಬ್ಬದಲ್ಲಿ ಇಟ್ಟಿದ್ದವು, ಅವುಗಳ ನೆಕ್ಕಿನಲ್ಲೂ ಕೂದಲೆಳೆ ಬಿರುಕು! ಅದೇ ಡೈ (ಕೇಸನ್ನು ಅಳತೆಗೆ ಹಿಂಡುವ ಅಚ್ಚು), ಅದೇ ಬುಲೆಟ್, ಹೊಸ ಬ್ರಾಸ್‌ನಲ್ಲಿ ಏನೂ ಆಗುವುದಿಲ್ಲ. ಎಲ್ಲವನ್ನೂ ಗ್ಯಾಸ್ ಟಾರ್ಚಿನ ಬೆಂಕಿ ಹಿಡಿದು ಕಾಯಿಸಿದರೆ ಸರಿ ಹೋಗುತ್ತಾ?

ಹಳೇ_ಲೇತ್:
ಮೊದಲು ಆ ಎರಡು ಗುಂಪನ್ನು ಬೇರೆ ಮಾಡಿ. ಬಿರುಕು ಯಾವಾಗ ಬಂತು ಅನ್ನುವುದೇ ಇಲ್ಲಿ ಮುಖ್ಯ.

ಫೈರ್ ಮಾಡಿದಾಗ ಸೀಳಿದ್ದು ಗಡಸಾದ ಬ್ರಾಸ್. ಪ್ರತಿ ಸಲ ನೆಕ್ ರೈಫಲ್‌ನ ಚೇಂಬರಿನಲ್ಲಿ ಹಿಗ್ಗುತ್ತದೆ, ಡೈ ಅದನ್ನು ಹಿಂಡುತ್ತದೆ, ಡೈಯೊಳಗಿನ ಗುಂಡು (ಎಕ್ಸ್‌ಪಾಂಡರ್ ಬಾಲ್) ಮತ್ತೆ ಹಿಗ್ಗಿಸುತ್ತದೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸುತ್ತಾ ಹೋದ ಹಾಗೆ. ಮಾಮೂಲಿ ಡೈಗಳು ಎಂಥ ತೆಳು ಬ್ರಾಸ್ ಬಂದರೂ ಬುಲೆಟ್ ಹಿಡಿಯಲಿ ಅಂತ ನೆಕ್ಕನ್ನು ಬೇಕಾದ್ದಕ್ಕಿಂತ ಜಾಸ್ತಿ ಹಿಂಡುತ್ತವೆ. ಬುಶಿಂಗ್ ಡೈ (ಬೇಕಾದ ಅಳತೆಯ ಬಳೆ ಹಾಕಿಕೊಳ್ಳುವ ಡೈ) ತಗೊಂಡರೆ ಇದು ತುಂಬಾ ಕಮ್ಮಿಯಾಗುತ್ತದೆ. ಲೋಡ್ ಆದ ನೆಕ್ ಅಳತೆ 0.333 ಇಂಚು ಬಂದರೆ 0.331 ಬುಶಿಂಗ್ ಸಾಕು.

ಡಬ್ಬದಲ್ಲೇ ಬಿರುಕು ಬಿಟ್ಟವು ಬೇರೆ ಕಥೆ. ಆ ಹೊಳಪಿನ ಮೇಲೆ ನನಗೆ ಅನುಮಾನ. ಹಳೆ ಮಾಲೀಕರು ಅಮೋನಿಯಾ ಇರುವ ಪಾಲಿಶ್ ಹಾಕಿ ಉಜ್ಜಿರಬಹುದು.

ಮಳೆಗಾಲ_ಮಡಿಕೇರಿ:
ಇದು ನಮ್ಮ ದೇಶದಲ್ಲೇ ಹೆಸರು ಮಾಡಿದ ಕಾಯಿಲೆ! 19ನೇ ಶತಮಾನದಲ್ಲಿ ಇಲ್ಲಿದ್ದ ಬ್ರಿಟಿಷ್ ಸೈನ್ಯ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಡುತ್ತಿತ್ತು. ಮಳೆ ಮುಗಿಯುವ ಹೊತ್ತಿಗೆ ಬ್ರಾಸ್ ತಾನಾಗಿ ಬಿರುಕು ಬಿಟ್ಟಿರುತ್ತಿತ್ತು. ಅದಕ್ಕೇ ಸೀಸನ್ ಕ್ರ್ಯಾಕಿಂಗ್ ಅಂದರು. ಕಾರಣ ಖಚಿತವಾಗಿದ್ದು 1921ರಲ್ಲಿ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ತೇವ, ಜೊತೆಗೆ ಲೋಹದೊಳಗೆ ಉಳಿದ ಬಿಗಿತ. ನಿಮ್ಮ ಡಬ್ಬದಲ್ಲಿ ಕುದುರೆ ಇಲ್ಲ, ಪಾಲಿಶ್ ಇದೆ ಅಷ್ಟೇ. ಬುಲೆಟ್ ಕೂತ ನೆಕ್ ಸದಾ ಬಿಗಿತದಲ್ಲೇ ಇರುತ್ತದಲ್ವಾ, ಹಾಗಾಗಿ ಅಲ್ಲೇ ಸೀಳುತ್ತದೆ.

ಟೆಕ್ಸಾಸ್_ಬೆಣ್ಣೆದೋಸೆ:
ಅಯ್ಯೋ, ಹೊಳಪು ನೋಡಿಯೇ ತಗೊಂಡಿದ್ದು. ಹಾಗಾದರೆ ಬಿರುಕು ಬಿಡದೆ ಉಳಿದವನ್ನಾದರೂ ಕಾಯಿಸಿ ಉಳಿಸಿಕೊಳ್ಳಬಹುದಾ?

ಹಳೇ_ಲೇತ್:
ಆ ಡಬ್ಬದ್ದು ಬೇಡ. ಅನೀಲಿಂಗ್ ಮಾಡಿದರೆ, ಅಂದರೆ ನೀವು ಹೇಳಿದ ಹಾಗೆ ಕಾಯಿಸಿದರೆ, ಲೋಹ ಮೆದುವಾಗುತ್ತದೆ, ಒಳಗೆ ಶುರುವಾದ ಬಿರುಕು ಮುಚ್ಚುವುದಿಲ್ಲ. ಖಾಲಿ ಕೇಸ್‌ಗಳನ್ನು ಇಕ್ಕಳದಲ್ಲಿ ಜಜ್ಜಿ ಗುಜರಿಗೆ ಹಾಕಿ, ಇಲ್ಲದಿದ್ದರೆ ಹೇಗೋ ಮತ್ತೆ ಬೆಂಚಿಗೆ ಬಂದು ಸೇರುತ್ತವೆ. ಲೋಡ್ ಆಗಿರುವುದನ್ನು ಫೈರ್ ಮಾಡಬೇಡಿ, ಪುಲ್ಲರ್ ಹಾಕಿ ಬುಲೆಟ್ ಬಿಚ್ಚಿ. ಪ್ರೈಮರ್ (ತಳದಲ್ಲಿ ಕಿಡಿ ಹೊತ್ತಿಸುವ ಬಿಲ್ಲೆ) ಅಥವಾ ಪೌಡರ್ ಇರುವ ಕೇಸನ್ನು ಬೆಂಕಿಯ ಹತ್ತಿರವೂ ತರಬಾರದು.

ಹೊಸ ಬ್ರಾಸ್‌ಗೆ ಮಾತ್ರ ಅನೀಲಿಂಗ್ ಶುರು ಮಾಡಿ, ಮೂರು ನಾಲ್ಕು ಫೈರಿಂಗ್‌ಗೊಮ್ಮೆ ಸಾಕು. ಕಣ್ಣಳತೆಯಲ್ಲಿ ಮಾಡಬೇಡಿ. ಟೆಂಪಿಲಾಕ್ ದ್ರವ ಸಿಗುತ್ತದೆ, ನಿಗದಿತ ಶಾಖಕ್ಕೆ ಕರಗುತ್ತದೆ. 750 ಡಿಗ್ರಿ ಫ್ಯಾರನ್‌ಹೀಟ್‌ನದನ್ನು ನೆಕ್ ಒಳಗೆ ಹಚ್ಚಿ. 450 ಡಿಗ್ರಿಯದನ್ನು ಶೋಲ್ಡರ್ (ನೆಕ್ ಕೆಳಗಿನ ಇಳಿಜಾರು ಭಾಗ) ಕೆಳಗೆ ಕಾಲು ಇಂಚು ಬಿಟ್ಟು ಹಚ್ಚಿ. ಒಳಗಿನದು ಕರಗಬೇಕು, ಕೆಳಗಿನದು ಕರಗಬಾರದು. ಕೇಸ್ ತಿರುಗುತ್ತಿರಬೇಕು, ಕೆಲವೇ ಸೆಕೆಂಡಿನ ಕೆಲಸ. ನೆಕ್ ಕೆಂಪಗೆ ಹೊಳೆಯುವವರೆಗೆ ಕಾಯುವವರೂ ಇದ್ದಾರೆ, ನನ್ನ ಪ್ರಕಾರ ಅದು ಜಾಸ್ತಿಯಾಯಿತು.

ಕೇಸ್ ಹೆಡ್ (ಕೇಸಿನ ತಳಭಾಗ) ಮಾತ್ರ ಯಾವತ್ತೂ ಕಾಯಬಾರದು. ನೆಕ್ ಸೀಳಿದರೆ ಸಾಮಾನ್ಯವಾಗಿ ಹೋಗುವುದು ಒಂದು ಕೇಸ್. ಹೆಡ್ ಮೆದುವಾಗಿ ಒಡೆದರೆ ಬಿಸಿ ಗ್ಯಾಸ್ ನಿಮ್ಮ ಮುಖದ ಕಡೆಗೇ ನುಗ್ಗುತ್ತದೆ. ಕಾಯಿಸಿದ ಮೇಲೆ ನೀರಿಗೆ ಹಾಕುವುದು ನಿಮ್ಮಿಷ್ಟ. ಹಿತ್ತಾಳೆ ಅದರಿಂದ ಗಡಸೂ ಆಗುವುದಿಲ್ಲ, ಮೆದುವೂ ಆಗುವುದಿಲ್ಲ. ಹಾಕಿದರೆ ಪೂರ್ತಿ ಒಣಗಿಸಿ.

ನಮ್ಮೂರ_ಗುರಿಕಾರ:
ಇನ್ನೊಂದು ಸುಲಭದ ಪರೀಕ್ಷೆ. ನಾಲ್ಕೈದು ಖಾಲಿ ಕೇಸ್ ಕೈಯಲ್ಲಿ ಹಾಕಿ ಕುಲುಕಿ. ಸೀಳಿದ್ದು ಇದ್ದರೆ ಟಣ್ ಅನ್ನದೆ ಒಡಕು ಸದ್ದು ಬರುತ್ತದೆ. ಟ್ರಿಮ್ ಮಾಡಿದ ಮೇಲೆ ಬಾಯಿಯ ಅಂಚನ್ನು ಒಳಗೂ ಹೊರಗೂ ನುಣುಪು ಮಾಡಿ, ಸಣ್ಣ ಗೀರು ಇದ್ದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಕ್ಲಬ್_ಹುಡುಗ_ಬೆಂಗಳೂರು:
ನಮ್ಮಲ್ಲಿ ಮನೆಯಲ್ಲಿ ರೀಲೋಡ್ ಮಾಡಬಹುದಾ?

ಮಳೆಗಾಲ_ಮಡಿಕೇರಿ:
ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಬಂದೂಕಿನ ಲೈಸೆನ್ಸ್ ಬೇರೆ, ಅದು ಬೇರೆ. ಓದಿಕೊಳ್ಳಿ, ಕೈ ಹಾಕಬೇಡಿ.

ಟೆಕ್ಸಾಸ್_ಬೆಣ್ಣೆದೋಸೆ:
ಹಳೆ ಡಬ್ಬ ಗುಜರಿಗೆ, ಬುಶಿಂಗ್ ಡೈ ಆರ್ಡರ್ ಹಾಕಿದೆ. ಕೊನೆಯ ಪ್ರಶ್ನೆ. ಲೇಕ್ ಸಿಟಿ (ಅಮೆರಿಕದ ಮಿಲಿಟರಿ ತೋಟಾ ಕಾರ್ಖಾನೆ) ಬ್ರಾಸ್ ನೋಡಿದೆ, ನೆಕ್ ಹತ್ತಿರ ನೀಲಿ ಕಂದು ಕಲೆ ಇದೆ. ಅದನ್ನು ಉಜ್ಜಿ ತೆಗೆಯಬೇಕಾ?

ಹಳೇ_ಲೇತ್:
ಬೇಡ. ಅದು ಕಾರ್ಖಾನೆಯಲ್ಲೇ ಅನೀಲ್ ಮಾಡಿದ ಗುರುತು, ಮಿಲಿಟರಿ ಬ್ರಾಸ್‌ನಲ್ಲಿ ಹಾಗೇ ಬಿಡುತ್ತಾರೆ. ಅಂಗಡಿಯ ತೋಟಾಗಳಲ್ಲಿ ಪಾಲಿಶ್ ಮಾಡಿ ತೆಗೆದಿರುತ್ತಾರೆ ಅಷ್ಟೇ. ತೊಳೆಯುವುದಾದರೆ ಅಮೋನಿಯಾ ಇಲ್ಲದ್ದು ಅಂತ ಬಾಟಲಿ ಮೇಲೆ ಓದಿ ನೋಡಿ, ಇಲ್ಲವೇ ಬರೀ ಕಾರ್ನ್ ಕಾಬ್ (ಜೋಳದ ದಿಂಡು) ಪುಡಿಯಲ್ಲಿ ಟಂಬ್ಲರ್ ಯಂತ್ರಕ್ಕೆ ಹಾಕಿ ಕುಲುಕಿಸಿ.